ಕಬ್ಬಿನ ಮೇಲೆ ಒಣಗಿದ ರೊಟ್ಟಿ

ರೊಟ್ಟಿ ಬಡಿಯಲು ಕೂಡುವ ಮುನ್ನ ವೈನಿ ತಮ್ಮ ಹಸಿರು ಗಾಜಿನ ಬಳೆಗಳನ್ನು ಮೊಣಕೈಯವರೆಗೆ ಏರಿಸಿಕೊಳ್ಳುತ್ತಿದ್ದರು. ಅವು ಅಲ್ಲಿ ಬಿಗಿಯಾಗಿ ಕಚ್ಚಿ ಕುಳಿತಿರುತ್ತಿದ್ದವು. ಕೆಲಸ ಮುಗಿದು ಬಳೆಗಳು ಕೆಳಗಿಳಿದಾಗ ತೋಳಿನ ಮೇಲೆ ಕೆಂಪು ಉಂಗುರಗಳು ಉಳಿಯುತ್ತಿದ್ದವು. ಉಂಗುರಗಳ ನಡುವೆ ಜೋಳದ ಹಿಟ್ಟಿನ ಬಿಳಿ ಧೂಳು. ಹಬ್ಬದ ಸಂಜೆ ಅವರ ತೋಳನ್ನು ನೋಡಿದರೆ ಸಾಕು, ಅಂದು ಮನೆಯಲ್ಲಿ ಎಷ್ಟು ಮಂದಿ ಉಂಡರೆಂಬುದರ ಅಂದಾಜು ಸಿಗುತ್ತಿತ್ತು. ಮಂದಿ ಹೆಚ್ಚಾದಷ್ಟೂ ಗುರುತು ಆಳ.

ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ಇವರು ನನ್ನ ನಡುವಣ ಅಣ್ಣನ ಹೆಂಡತಿ. ಅಫಜಲಪುರದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಮುಂದೆ ನಾನು ಶಾಸನಗಳನ್ನೂ ಹಳೆಯ ಕಂದಾಯ ದಾಖಲೆಗಳನ್ನೂ ಓದುವುದನ್ನೇ ಉದ್ಯೋಗ ಮಾಡಿಕೊಂಡೆ. ಯಾರು ಯಾವ ಘಟನೆಯನ್ನು ಹೇಳಿದರೂ ಅದರ ಕಾಲವನ್ನು ಎರಡು ಕಡೆ ತಾಳೆ ನೋಡದೆ ಒಪ್ಪದಿರುವುದು ಆ ಉದ್ಯೋಗದಿಂದ ಅಂಟಿದ ಅಭ್ಯಾಸ. ನಿವೃತ್ತಿಯ ನಂತರವೂ ಅದು ಬಿಟ್ಟಿಲ್ಲ. ಅದಕ್ಕಾಗಿ ವೈನಿ ನನಗೊಂದು ಬಿರುದು ಕೊಟ್ಟಿದ್ದರು: ಇಸವಿ ಸಾಹೇಬ್ರು. ಊಟಕ್ಕೆ ಕುಳಿತಾಗ ಯಾವುದೋ ಅರಸನ ಮಾತು ತೆಗೆದರೆ, ತಾಟಿಗೆ ಪಲ್ಯ ಹಾಕುತ್ತ ಕೇಳುತ್ತಿದ್ದರು: "ಅಂವ ಯಾವಾಗ ಸತ್ತ ಅಂತ ಬರದೀರಿ. ಏನ್ ಉಂಡಿದ್ದ ಅಂತ ಬರದೀರೇನ್ರಿ ಇಸವಿ ಸಾಹೇಬ್ರ?"

ಹತ್ತು ಜನರಿಗೆ ಅಡುಗೆ ಮಾಡುವುದು ಅವರಿಗೆ ಬೇಸರದ ಕೆಲಸವಾಗಿತ್ತು. ನೂರು ಜನರಿಗೆ ಎಂದರೆ ಮುಖ ಅರಳುತ್ತಿತ್ತು. ಎಳ್ಳಮಾವಾಸ್ಯೆಯಂತೂ ಅವರದೇ ದಿನ. ಅಂದು ನಮ್ಮ ಸೀಮೆಯಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸೊಪ್ಪು, ಹಸಿಕಾಳು, ಕಾಯಿಪಲ್ಯಗಳನ್ನೆಲ್ಲ ಕಡಲೆಹಿಟ್ಟಿನೊಂದಿಗೆ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ ಇವುಗಳನ್ನು ಬುಟ್ಟಿಯಲ್ಲಿ ಹೊತ್ತು ಹೋಗಿ, ಭೂಮಿತಾಯಿಗೆ ಎಡೆ ಮಾಡಿ, ಎಡೆಯ ಪಾಲನ್ನು ಚರಗವೆಂದು ಬೆಳೆಯ ನಡುವೆ ಚೆಲ್ಲಿ, ಬಳಿಕ ಮರದ ನೆರಳಲ್ಲಿ ಎಲ್ಲರೂ ಉಣ್ಣುವುದು. ಸ್ವಂತ ಹೊಲವಿಲ್ಲದವರನ್ನೂ ಪರಊರಿನ ನೌಕರರನ್ನೂ ಕರೆಯುವುದು ರೂಢಿ. ವೈನಿಯಾದರೋ ರೂಢಿಯನ್ನೂ ಮೀರಿದವರು. ಒಮ್ಮೆ ಘತ್ತರಗಿಗೆ ಹೊರಟಿದ್ದ ಬಸ್ಸು ನಮ್ಮ ಹೊಲದ ಬದುವಿನ ಎದುರಿಗೇ ಕೆಟ್ಟು ನಿಂತಿತು. ಅದು ಗಾಣಗಾಪುರದ ಬಸ್ಸೆಂದು ಅಣ್ಣನ ವಾದ. ಇಳಿದವರು ಘತ್ತರಗಿಯ ದೇವಿ ಭಾಗ್ಯವಂತಿಯ ಉಡಿ ತುಂಬುವ ಸಾಮಾನು ಹಿಡಿದಿದ್ದರಾದ್ದರಿಂದ ವೈನಿಯ ಮಾತೇ ಸರಿಯೆಂದು ನಾನು ತೀರ್ಮಾನಿಸಿದ್ದೇನೆ. ಅಣ್ಣ ಡ್ರೈವರನೊಡನೆ ಇಂಜಿನ್ನಿನೊಳಗೆ ಇಣುಕುತ್ತಿದ್ದಾಗ ವೈನಿ ಇಡೀ ಬಸ್ಸನ್ನು ಬೇವಿನ ಮರದ ಕೆಳಗೆ ಕೂಡಿಸಿ, ಭಜ್ಜಿಗೆ ಮಜ್ಜಿಗೆಯನ್ನೂ ಹಿಟ್ಟನ್ನೂ ಸೇರಿಸಿ ಹಿಗ್ಗಿಸಿದ್ದರು. ಬಸ್ಸು ದುರಸ್ತಿಯಾದ ಮೇಲೂ ಕಂಡಕ್ಟರು ಕೈತೊಳೆಯಲು ಅವಸರ ಮಾಡಲಿಲ್ಲ.

ಪಂಕ್ತಿಯಲ್ಲಿ ಬಡಿಸುವಾಗ ಅವರು "ಸಾಕೇನ್ರಿ?" ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಆ ಪ್ರಶ್ನೆಯೊಳಗೇ ಸಾಕು ಎಂಬ ಉತ್ತರವಿದೆಯೆಂದು ಅವರ ದೂರು. ಪಂಕ್ತಿಯ ಕೊನೆಯಲ್ಲಿ ಬರಿಗಾಲಲ್ಲಿ ನಿಂತು ಉಣ್ಣುವವರ ಕೈಗಳನ್ನು ನೋಡುತ್ತಿದ್ದರು. ಕೈ ನಿಧಾನವಾದರೆ ನೀರು, ತಾಟಿನಲ್ಲಿ ಬರಿದೇ ಆಡಿದರೆ ರೊಟ್ಟಿ.

ಇಂಥ ವೈನಿಯ ಮನೆಗೆ ರೊಟ್ಟಿ ಬಡಿಯಲು ಬಾರದ ಸೊಸೆ ಬಂದಳು.

ಆಳಂದದ ಹುಡುಗಿ. ತಂದೆಯದು ಮೇಲಿಂದ ಮೇಲೆ ವರ್ಗವಾಗುವ ನೌಕರಿ. ಮಗಳು ಸಣ್ಣವಳಿದ್ದಾಗಿನಿಂದ ಹಾಸ್ಟೆಲಿನಲ್ಲೇ ಬೆಳೆದು, ಕೊನೆಗೆ ಪುಣೆಯಲ್ಲಿ ಓದಿ, ನಮ್ಮೂರ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಚಪಾತಿ, ಅನ್ನ, ಸಾರು ಎಲ್ಲ ಬಲ್ಲಳು. ಜೋಳದ ಹಿಟ್ಟು ಮಾತ್ರ ಅವಳ ಕೈಗೆ ಒಲಿಯಲಿಲ್ಲ; ಬಡಿದ ರೊಟ್ಟಿಯನ್ನು ಎತ್ತಿ ಹಂಚಿನ ಮೇಲೆ ಹಾಕುವಷ್ಟರಲ್ಲಿ ಹರಿಯುತ್ತಿತ್ತು. ವೈನಿ ಅದನ್ನು ದೊಡ್ಡದು ಮಾಡಲಿಲ್ಲ. ಆದರೆ ನಮ್ಮ ಮನೆತನದಲ್ಲಿ ಒಂದು ಪದ್ಧತಿಯುಂಟು: ಹೊಸ ಸೊಸೆಯ ಮೊದಲ ಎಳ್ಳಮಾವಾಸ್ಯೆಯಂದು, ಹೊಲದಲ್ಲಿ ಒಲೆ ಹೂಡಿದ ಮೇಲೆ, ಮೊದಲ ರೊಟ್ಟಿಯನ್ನು ಅವಳೇ ಎಲ್ಲರೆದುರು ಬಡಿಯಬೇಕು. ಆ ರೊಟ್ಟಿಯೇ ಎಡೆಗೆ ಹೋಗುವುದು. ಈ ಪದ್ಧತಿಯ ಕಾವಲಿಗೆ ಜೇವರ್ಗಿಯಿಂದ ತಪ್ಪದೆ ಬರುತ್ತಿದ್ದವರು ದೊಡ್ಡ ವೈನಿ, ಅಂದರೆ ನಮ್ಮ ಹಿರಿಯಣ್ಣನ ಹೆಂಡತಿ. ಅವರ ಕೈಯ ರೊಟ್ಟಿ ತುಂಬುಚಂದ್ರನಂತೆ ಗುಂಡಗೆ, ಕಾಗದದಂತೆ ತೆಳ್ಳಗೆ. ನಾಲಿಗೆಯೂ ಅಷ್ಟೇ ತೆಳು, ಅಷ್ಟೇ ಹರಿತ. ಬಹಳ ಹಿಂದೆ ಯಾವಳೋ ಸೊಸೆಯ ರೊಟ್ಟಿ ಸೊಟ್ಟಗಾಗಿದ್ದಕ್ಕೆ ಅವರು ಇಟ್ಟ ಅಡ್ಡಹೆಸರು ಆಕೆಗೆ ಮೊಮ್ಮಕ್ಕಳಾದರೂ ಅಳಿದಿರಲಿಲ್ಲ.

ಹುಡುಗಿ ಇದನ್ನು ಕೇಳಿ ತಿಳಿದಿದ್ದಳು. ಹಬ್ಬ ಹತ್ತಿರವಾದಂತೆ ಅವಳ ಊಟ ಕಡಿಮೆಯಾಯಿತು. ಉಣ್ಣುವವರ ಕೈ ನೋಡುವ ವೈನಿಗೆ ಅದು ಕಾಣದೆ ಇರುತ್ತದೆಯೇ? ಅವಳನ್ನು ಕೂಡಿಸಿಕೊಂಡು, ನಿನಗೆ ಬರುವ ಅಡುಗೆಯಲ್ಲಿ ನೀನು ಮನಸ್ಸಿಟ್ಟು ಮಾಡುವುದು ಯಾವುದು ಹೇಳು ಎಂದರಂತೆ. ಅವಳು ಸಂಕೋಚದಿಂದ ಟ್ಯಾಕೊ ಎಂದಳು. ಪುಣೆಯ ಖೋಲಿಯಲ್ಲಿ ಗೆಳತಿಯರೆಲ್ಲ ಸೇರಿ ಮಾಡುತ್ತಿದ್ದ ತಿನಿಸು: ಮೆಕ್ಸಿಕೊ ದೇಶದವರು ಮೆಕ್ಕೆಜೋಳದ ಸಣ್ಣ ರೊಟ್ಟಿಯನ್ನು ಮಡಚಿ ಅದರೊಳಗೆ ಕಾಳಿನ ಪಲ್ಯ, ಹಸಿ ತರಕಾರಿ, ಖಾರ ತುಂಬಿ ಕೈಯಲ್ಲೇ ಹಿಡಿದು ತಿನ್ನುತ್ತಾರೆ. ಅಂದು ಸಂಜೆಯೇ ಮನೆಯಲ್ಲಿ ಪ್ರಯೋಗ ನಡೆಯಿತು. ವೈನಿ ಅಂಗೈಯಗಲದ ಜೋಳದ ರೊಟ್ಟಿಗಳನ್ನು ಬಡಿದು ಹಂಚಿನಿಂದ ಬಿಸಿಬಿಸಿ ಕೊಟ್ಟರು. ಹುಡುಗಿ ಅವುಗಳಲ್ಲಿ ಮಡಿಕೆಕಾಳಿನ ಪಲ್ಯ, ನಿಂಬೆ ಹಿಂಡಿದ ಉಳ್ಳಾಗಡ್ಡಿ, ಟೊಮೆಟೊ, ಶೇಂಗಾ ಕುಟ್ಟಿದ ಖಾರದ ಹಿಂಡಿ, ಗಟ್ಟಿ ಮೊಸರು ತುಂಬಿ ಮಡಚಿದಳು. ತಿನ್ನುತ್ತ ನಾನು, ಶೇಂಗಾ, ಟೊಮೆಟೊ, ಮೆಣಸಿನಕಾಯಿ ಇವೆಲ್ಲ ಒಂದು ಕಾಲಕ್ಕೆ ಆ ಖಂಡದಿಂದಲೇ ಸಮುದ್ರ ದಾಟಿ ನಮ್ಮಲ್ಲಿಗೆ ಬಂದವು ಎಂದು ವಿವರಿಸತೊಡಗಿದೆ. ವೈನಿ ಬಾಯಲ್ಲಿದ್ದುದನ್ನು ನುಂಗಿ ಹೇಳಿದರು: "ಹಂಗಾದ್ರ ಇವತ್ತ ತವರಮನಿಗಿ ಹೊಂಟಾವ ಅನ್ರಿ."

ಎಳ್ಳಮಾವಾಸ್ಯೆಗೆ ಇದನ್ನೇ ಮಾಡುವುದೆಂದು ಅವರು ಓಣಿಗೆಲ್ಲ ಹೇಳಿಬಿಟ್ಟರು. ಭಜ್ಜಿ ಒಳಗೆ, ರೊಟ್ಟಿ ಹೊರಗೆ, ಹೊಸ ಸೊಸೆಯ ಕೈ ಅಡುಗೆ. ಎಲ್ಲರ ಬಾಯಿಗೂ ರುಚಿ ಹತ್ತಿದರೆ ಆ ಮೊದಲ ರೊಟ್ಟಿಯ ಆಕಾರ ಮಾತಿಗೆ ಬರಲಾರದೆಂಬುದು ಅವರ ಎಣಿಕೆ.

ಆ ಅಮಾವಾಸ್ಯೆ ಯಾವ ವರ್ಷದ್ದೆಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ಭೀಮಾ ನದಿ ಉಕ್ಕಿ ದೊಡ್ಡ ಹೊಳೆ ಬಂದ ವರ್ಷವೇ ಎಂದು ದೊಡ್ಡ ವೈನಿ. ಅದರ ಮರುವರ್ಷ ಎಂದು ಅಣ್ಣ. ನಮ್ಮ ಹೊಲದ ಅಂಚಿಗೆ ಅಣ್ಣ ಕಬ್ಬು ಹಾಕಿದ್ದು ಒಂದೇ ಸಲ, ಅದೂ ಹೊಳೆ ಇಳಿದ ಮೇಲೆ; ಕಬ್ಬು ಬಲಿಯಲು ವರ್ಷ ಬೇಕು. ಆ ದಿನದ ಕಥೆಯಲ್ಲಿ ಕಬ್ಬು ಇದೆ. ಆದ್ದರಿಂದ ಅಣ್ಣನ ಹೇಳಿಕೆಯನ್ನೇ ಸ್ವೀಕರಿಸಬೇಕು.

ಮಂದಿಗೆ ಅಡುಗೆ ಎಂದರೆ ನಮ್ಮಲ್ಲಿ ರೊಟ್ಟಿಯ ಸಿದ್ಧತೆ ಮುಂಚಿತವಾಗಿಯೇ ಆಗುತ್ತದೆ. ಓಣಿಯ ಹೆಂಗಸರೆಲ್ಲ ಸೇರಿ ಬಡಿದು, ಒಲೆಯ ಪಕ್ಕಕ್ಕೆ ಆನಿಸಿ ಗರಿಗರಿಯಾಗಿ ಒಣಗಿಸಿ, ಬುಟ್ಟಿಗಟ್ಟಲೆ ಪೇರಿಸಿಡುತ್ತಾರೆ. ಇದೇ ಕಡಕ್ ರೊಟ್ಟಿ. ಆ ಸಲವೂ ಹಾಗೆಯೇ ಆಯಿತು. ಗಾತ್ರ ಮಾತ್ರ ಅಂಗೈಯಗಲ. ಕಡಕ್ ಆದರೆ ನಡೆದೀತೇ ಎಂದು ವೈನಿ ಕೇಳಿದ್ದುಂಟು. ಪುಣೆಯ ಅಂಗಡಿಗಳಲ್ಲಿ ಸಿಗುವುದೂ ಗರಿಗರಿಯಾದದ್ದೇ ಎಂದು ಸೊಸೆ ಉತ್ತರಿಸಿದ್ದಳು. ಅದು ನಿಜ. ಅಂಗಡಿಯದು ಮಡಚಿದ ಮೇಲೆ ಗರಿಯಾದದ್ದು, ನಮ್ಮದು ಮಡಚುವ ಮೊದಲೇ ಗರಿಯಾದದ್ದು ಎಂಬುದು ಮಾತ್ರ ತಲೆತಲಾಂತರದಿಂದ ಮಂದಿಗೆ ಅಡುಗೆ ಮಾಡುತ್ತ ಬಂದಿದ್ದ ಅಷ್ಟೂ ಹೆಂಗಸರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊಲದಲ್ಲಿ ಭಜ್ಜಿ ಕುದಿಯುತ್ತಿತ್ತು. ಬೇವಿನ ಮರದ ಕೆಳಗೆ ಜಮಖಾನೆ ಹಾಸಿ, ಓಣಿಯವರು, ಕಾಲೇಜಿನವರು, ಬೀಗರು ಎಲ್ಲ ಕುಳಿತಿದ್ದರು. ಸೊಸೆ ಬುಟ್ಟಿಯಿಂದ ಮೊದಲ ಕಡಕ್ ರೊಟ್ಟಿಯನ್ನು ತೆಗೆದು ಮಡಚಿದಳು. ಅದು ಟಪ್ಪೆಂದು ಎರಡು ಹೋಳಾಯಿತು. ಮತ್ತೊಂದು ತೆಗೆದಳು, ಅದೂ ಅಷ್ಟೇ. ವೈನಿ ಒಂದನ್ನು ಎತ್ತಿಕೊಂಡು ನಿಧಾನವಾಗಿ ಬಾಗಿಸಿ ನೋಡಿದರು. ಚೂರುಗಳು ಸೆರಗಿಗೆ ಬಿದ್ದವು.

ದೊಡ್ಡ ವೈನಿ ಕುಳಿತಲ್ಲಿಂದಲೇ ಅಂದರು: "ಇಷ್ಟ ಮಂದೀನ ಕರದು ಹಪ್ಪಳ ಮುರಿದು ತೋರಿಸಾಕತ್ತೀರೇನ ಬೇ?" ಎಲ್ಲರೂ ನಕ್ಕರು. ಬಳಿಕ ಅವರು ಪದ್ಧತಿಯನ್ನು ನೆನಪಿಸಿದರು. ಉಳಿದದ್ದು ಆಮೇಲೆ ನೋಡೋಣ, ಮೊದಲು ಎಡೆಗೆ ರೊಟ್ಟಿಯಾಗಲಿ, ಹೊಸ ಸೊಸೆ ಒಲೆಯ ಮುಂದೆ ಕೂಡಲಿ ಎಂದರು.

ಹುಡುಗಿ ಕುಳಿತಳು. ಹಿಟ್ಟು ನಾದಿದಳು, ಬಡಿದಳು. ರೊಟ್ಟಿ ಹಂಚಿಗೆ ಬೀಳುವಾಗ ಒಂದು ಮಗ್ಗುಲು ಹರಿದು ನೇತಾಡಿತು. ನಾನು ವೈನಿಯ ಪಕ್ಕದಲ್ಲೇ ನಿಂತಿದ್ದೆ. ತಲೆ ಎತ್ತದೆ ಹುಡುಗಿ ಮೆಲ್ಲಗೆ ಹೇಳಿದ್ದು ಕೇಳಿಸಿತು: "ಅತ್ತೇರ, ಬಿಸಿ ಇದ್ದಾಗ ಮಡಚಿ ಒಣಗಸಬೇಕಾಗಿತ್ರಿ."

ವೈನಿ ಸುತ್ತ ಒಮ್ಮೆ ನೋಡಿದರು. ಮಕ್ಕಳಿಗೆ ತಿನ್ನಲೆಂದು ಅಣ್ಣ ಕಡಿದು ತಂದಿದ್ದ ಕಬ್ಬಿನ ಹೊರೆ ಮರಕ್ಕೆ ಆನಿಕೊಂಡಿತ್ತು. ಒಂದು ಜಲ್ಲೆಯನ್ನು ಎಳೆದು ಒಲೆಯ ಮಗ್ಗುಲಿಗೆ ಎರಡು ಕಲ್ಲುಗಳ ಮೇಲೆ ಅಡ್ಡ ಇಟ್ಟರು. ಬೆಂದ ರೊಟ್ಟಿಯನ್ನು ಎತ್ತಿ, ಹರಿದ ಮಗ್ಗುಲನ್ನು ಒಳಕ್ಕೆ ಸೇರಿಸಿ, ಒದ್ದೆ ಬಟ್ಟೆಯನ್ನು ಹಗ್ಗದ ಮೇಲೆ ಹಾಕುವಂತೆ ಕಬ್ಬಿನ ಮೇಲೆ ಜೋತುಬಿಟ್ಟರು. ಸ್ವಲ್ಪ ಹೊತ್ತಿಗೆ ಅದು ಒಲೆಯ ಕಾವಿಗೆ ಗರಿಯಾಗಿ ಮಡಚಿದಂತೆಯೇ ನಿಂತಿತು. ಅದರೊಳಗೆ ಭಜ್ಜಿ ತುಂಬಿ ಎಡೆಗೆ ಇಟ್ಟರು.

"ಹರಿದಿತ್ತಲ್ಲ ಅದು" ಎಂದರು ದೊಡ್ಡ ವೈನಿ.

"ಮಡಚಿದ ಮ್ಯಾಲ ಹರಿದದ್ದು ಯಾರಿಗಿ ಕಾಣ್ತದ್ರಿ ಅಕ್ಕಾ?" ಎಂದರು ವೈನಿ. "ಗುಂಡಗಿದ್ದದ್ದೂ ಕಾಣಂಗಿಲ್ಲ. ಬರ್ರಿ, ನೀವೂ ಬಡೀರಿ, ಮಂದಿ ಹಸದಾರ."

ದೊಡ್ಡ ವೈನಿಗೆ ಹಸಿದ ಮಂದಿಯ ಎದುರು ಹಠ ಹಿಡಿಯುವುದು ತಿಳಿಯದು. ಅವರೂ ಸೆರಗು ಸಿಕ್ಕಿಸಿ ಕುಳಿತರು. ಅಣ್ಣ ಮೋಟಾರ್ ಸೈಕಲ್ಲಿನಲ್ಲಿ ಮನೆಗೆ ಓಡಿ ಹಿಟ್ಟಿನ ಚೀಲ ತಂದ. ಇನ್ನಷ್ಟು ಒಲೆಗಳನ್ನು ಹೂಡಿದರು, ಇನ್ನಷ್ಟು ಜಲ್ಲೆಗಳು ಅಡ್ಡಬಿದ್ದವು. ಕಪ್ಪು ನೆಲದ ಮೇಲೆ ಸಾಲುಸಾಲಾಗಿ ರೊಟ್ಟಿಗಳು ಜೋತಾಡಿದವು. ಓಣಿಯ ಗಂಡಸರು ಜಲ್ಲೆ ತಿರುಗಿಸುವ ಕೆಲಸಕ್ಕೆ ನಿಂತರು. ಕಬ್ಬಿನ ರಸ ಅಲ್ಲಲ್ಲಿ ಕಾವಿಗೆ ಒಸರಿ ರೊಟ್ಟಿಯ ಒಳಮೈಗೆ ಸಣ್ಣ ಸಿಹಿ ಹತ್ತಿತು. ಆ ಸಿಹಿಯ ಮೇಲೆ ಭಜ್ಜಿ, ಹಿಂಡಿಯ ಖಾರ, ಮೊಸರು. ಇಂಥ ಟ್ಯಾಕೊ ಮೆಕ್ಸಿಕೊದಲ್ಲಿ ಸಿಗಲಾರದೆಂದು ನಾನು ಆಧಾರವಿಲ್ಲದೆಯೂ ಹೇಳಬಲ್ಲೆ. ಮುರಿದುಬಿದ್ದ ಕಡಕ್ ರೊಟ್ಟಿಯೂ ವ್ಯರ್ಥವಾಗಲಿಲ್ಲ. ಹಿರಿಯರು ಅದನ್ನು ಭಜ್ಜಿಯಲ್ಲಿ ನೆನೆಸಿ ಉಂಡು, ಇದೇ ಹಲ್ಲಿಗೆ ಹಿತವೆಂದರು. ದೊಡ್ಡ ವೈನಿ ತಮ್ಮ ಪಾಲನ್ನು ಜನರಿಗೆ ಬೆನ್ನು ಮಾಡಿ ತಿಂದರು. ಬಳಿಕ ಸೊಸೆಯನ್ನು ಹತ್ತಿರ ಕರೆದು, ನಿಂಬೆಹಣ್ಣು ಉಳ್ಳಾಗಡ್ಡಿಗೆ ಮೊದಲೇ ಹಿಂಡುವುದೋ ಆಮೇಲೋ ಎಂದು ಕೇಳಿದರು. ಅಡ್ಡಹೆಸರು ಹುಟ್ಟಲಿಲ್ಲ. ಹುಡುಗಿ ಅಂದು ಹೊಟ್ಟೆತುಂಬ ಉಂಡಳು.

ಅಲ್ಲಿಂದ ಮುಂದೆ ನಮ್ಮ ಹೊಲದ ಎಳ್ಳಮಾವಾಸ್ಯೆಗೆ ಕಬ್ಬಿನ ಮೇಲಿನ ರೊಟ್ಟಿಯೇ ಪದ್ಧತಿಯಾಯಿತು. ಆ ಜಾಗಕ್ಕೆ ಈಗ ತೊಗರಿ ಬಂದಿದೆ. ಜಲ್ಲೆಗಳನ್ನು ಅಫಜಲಪುರದ ಸಂತೆಯಿಂದ ತರುತ್ತೇವೆ. ನಾನೂ ಬದಲಾದೆನೆಂದು ತೋರುತ್ತದೆ. ಈಚೆಗೆ ಹಳೆಯ ದಾನಶಾಸನವನ್ನು ಓದುವಾಗ, ಕೊಟ್ಟವನ ಹೆಸರಿನ ಕೆಳಗೆ ಅಂದು ಅಲ್ಲಿ ಉಂಡವರು ಯಾರು, ಬಡಿಸಿದವರು ಯಾರು ಎಂದು ಹುಡುಕುತ್ತೇನೆ. ಆ ಪ್ರಶ್ನೆ ವೈನಿಯದು; ನಾನು ಎರವಲು ಪಡೆದದ್ದು.

ಕಳೆದ ಆಷಾಢದಲ್ಲಿ, ಸಣ್ಣ ಜ್ವರವೊಂದರ ನೆಪದಲ್ಲಿ, ವೈನಿ ಹೋದರು. ಆ ದಿನವೊಂದನ್ನು ಮಾತ್ರ ನಾನು ಯಾವುದರೊಂದಿಗೂ ತಾಳೆ ನೋಡಿಲ್ಲ; ನೋಡುವ ಅಗತ್ಯ ಬಿದ್ದಿಲ್ಲ.

ಈ ಸಲದ ಅಮಾವಾಸ್ಯೆಗೆ ಮಂದಿಯನ್ನು ಕರೆಯುವುದು ಬೇಡವೆಂದು ಅಣ್ಣನ ಮನಸ್ಸು. ಸೊಸೆ ಒಪ್ಪಲಿಲ್ಲ, ಓಣಿಗೆಲ್ಲ ತಾನೇ ಹೇಳಿಬಂದಳು. ಅವಳ ರೊಟ್ಟಿ ಈಗ ಗುಂಡಗೆ ಬರುತ್ತದೆ. ಆದರೂ ಮೊದಲ ರೊಟ್ಟಿಯನ್ನು ತಂಗಿಯಂತಿದ್ದ ವೈನಿಯ ಹೆಸರಿನಲ್ಲಿ ತಾನು ಬಡಿಯುತ್ತೇನೆಂದು ಜೇವರ್ಗಿಯಿಂದ ಬಂದ ದೊಡ್ಡ ವೈನಿ ಒಲೆಯ ಮುಂದೆ ಕುಳಿತರು. ಅವರ ಕೈ ಈಗ ನಡುಗುತ್ತದೆ. ಎತ್ತಿ ಹಂಚಿಗೆ ಹಾಕುವಾಗ ರೊಟ್ಟಿ ನಡುವಿನವರೆಗೂ ಹರಿಯಿತು. ಅವರು ಅದನ್ನೇ ನೋಡುತ್ತ ಕುಳಿತುಬಿಟ್ಟರು.

ಸೊಸೆ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು ಪಕ್ಕದಲ್ಲಿ ಕುಳಿತಳು. ಬೆಂದ ರೊಟ್ಟಿಯನ್ನು ಎತ್ತಿ, ಹರಿದದ್ದನ್ನು ಒಳಗೆ ಮಾಡಿ, ಕಬ್ಬಿನ ಮೇಲೆ ಜೋತುಬಿಟ್ಟಳು.

"ಕಾಣಾಕತ್ತದೇನ ಬೇ?" ಎಂದರು ದೊಡ್ಡ ವೈನಿ.

"ಇಲ್ರಿ ದೊಡ್ಡತ್ತೀ. ಇನ್ನೊಂದ ಬಡೀರಿ."

ಸಂಜೆ ಪಾತ್ರೆಗಳನ್ನು ಗಾಡಿಗೆ ಏರಿಸುವಾಗ ಅವಳು ಬಳೆಗಳನ್ನು ಕೆಳಗಿಳಿಸಿದಳು. ತೋಳಿನ ಮೇಲೆ ಕೆಂಪು ಉಂಗುರಗಳು ಆಳವಾಗಿ ಮೂಡಿದ್ದವು. ಮಂದಿ ಬಹಳ ಬಂದಿದ್ದರು.