ನಾಳೆಗೆ ಮೂರು

ಆ ಬಂಗಲೆಯಲ್ಲಿ ಐಸು ಇತ್ತು ಎಂದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ಪೆನ್ನಾಗರಂನಿಂದ ಹೊಳೆಯ ಕಡೆಗೆ ಇಳಿಯುವ ಕಾಡಿನಲ್ಲಿ, ಕುಡಿಯುವ ನೀರಿಗೇ ಅರ್ಧ ಮೈಲಿ ನಡೆಯಬೇಕಾದ ಜಾಗಕ್ಕೆ, ಸೇಲಂನಿಂದ ಐಸು ಬರುತ್ತಿತ್ತು. ಮರದ ಹೊಟ್ಟಿನಲ್ಲಿ ಹೂತು, ಗೋಣಿ ಸುತ್ತಿ, ತೊಪ್ಪೂರು ಘಾಟಿ ಹತ್ತಿಸಿ ಲಾರಿಯಲ್ಲಿ ತರುತ್ತಿದ್ದರು. ಹೊರಟಾಗ ಬಂಡೆಯಷ್ಟಿದ್ದದ್ದು ಬಂದು ಸೇರುವಾಗ ಬೆಲ್ಲದ ಅಚ್ಚಿನಷ್ಟಾಗಿರುತ್ತಿತ್ತು. ಅದನ್ನು ಒಡೆದು ದೊರೆಗಳ ಗ್ಲಾಸಿಗೆ ಹಾಕುವಾಗ ಬಟ್ಲರನ ಮುಖ ನೋಡಬೇಕಿತ್ತು, ದೇವರಿಗೆ ಅಭಿಷೇಕ ಮಾಡುವ ಪೂಜಾರಿಗೂ ಅಷ್ಟು ಭಕ್ತಿ ಇರಲಾರದು.

ಮೆಟ್ಟೂರಿನಲ್ಲಿ ಅಣೆ ಎದ್ದ ಮೇಲಿನ ಮಾತು ಇದು. ಏರ್ಕಾಡಿನ ಕಾಫಿ ತೋಟದ ದೊರೆಯೊಬ್ಬ ಶಿಕಾರಿಗೆ ಬರುವವರಿಗೆಂದು ಆ ಬಂಗಲೆ ಕಟ್ಟಿಸಿದ್ದ. ಚಳಿಗಾಲ ಬಂತೆಂದರೆ ಮದರಾಸಿನಿಂದ, ಬೆಂಗಳೂರಿನಿಂದ ಮೋಟಾರುಗಳು ಬರುತ್ತಿದ್ದವು. ಐದು ಕೋಣೆ, ಕೋಣೆಗೊಂದು ತಗಡಿನ ಸ್ನಾನದ ತೊಟ್ಟಿ, ಗ್ರಾಮಫೋನು, ಗೋಡೆಯ ಮೇಲೆ ಗಾಜಿನ ಕಣ್ಣಿನ ಹುಲಿಯ ತಲೆ. ಊಟಿಯಲ್ಲೂ ಇಂಥ ಸುಖ ಇಲ್ಲವೆಂದು ಬಂದವರು ಹೇಳುತ್ತಾರೆಂದು ಬಟ್ಲರ್ ನಮಗೆ ಹೇಳುತ್ತಿದ್ದ. ನನ್ನ ಗಂಡ ಅಡುಗೆಮನೆಯಲ್ಲಿ ಎರಡನೆಯ ಕೈ. ಗಂಡನನ್ನು ‘ಅವರು’ ಎಂದು ಬರೆಯಬೇಕಂತೆ. ನಮ್ಮ ಕಡೆ ಆ ರೂಢಿ ಇಲ್ಲ, ಬಿಡಿ.

ನನ್ನ ಕೆಲಸ ಹಾಸಿಗೆಯದು. ಹಾಸಿಗೆ ಬಿಸಿಲಿಗೆ ಹಾಕುವುದು, ದುಪ್ಪಟಿ ಒಗೆಯುವುದು, ಎಲ್ಲಕ್ಕಿಂತ ಮುಖ್ಯವಾಗಿ ಸೊಳ್ಳೆಪರದೆ ಹೊಲಿಯುವುದು. ದಿನಾ ಬೆಳಿಗ್ಗೆ ಒಂದೊಂದು ಪರದೆಯನ್ನೂ ಬೆಳಕಿಗೆ ಹಿಡಿದು ತೂತು ಹುಡುಕಬೇಕು. ಸಾಸಿವೆ ಕಾಳು ನುಸುಳುವಷ್ಟು ತೂತು ಸಿಕ್ಕರೂ ಬಟ್ಲರ್ ಬೈಯುತ್ತಿದ್ದ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ನಾನು ಎಣಿಸುತ್ತೇನೆ. ಐದು ತೊಟ್ಟಿಯ ಸ್ನಾನದ ನೀರೆಲ್ಲ ಹಿತ್ತಲಿನ ತಗ್ಗಿನಲ್ಲಿ ನಿಲ್ಲುತ್ತಿತ್ತು. ಆ ತಗ್ಗಿನ ದಂಡೆಯಲ್ಲೇ ಆಳುಗಳ ಮನೆ. ಅಲ್ಲಿ ನನ್ನ ನಾಲ್ಕು ವರ್ಷದ ಮಗಳು ಬರೀ ಚಾಪೆಯ ಮೇಲೆ ಮಲಗುತ್ತಿದ್ದಳು. ಚಳಿಜ್ವರ ಹೊಳೆಗಾಳಿಯಿಂದ ಬರುತ್ತದೆಂದು ನಾವು ತಿಳಿದಿದ್ದೆವು. ಸೊಳ್ಳೆಯಿಂದ ಬರುತ್ತದೆಂದು ತಿಳಿದಿದ್ದವರು ಪರದೆಯ ಒಳಗೆ ಮಲಗಿದ್ದರು.

ಮಗಳು ದಿನಾ ನನ್ನ ಜೊತೆ ಬಂಗಲೆಗೆ ಬಂದು ಆ ಹುಲಿಯ ತಲೆಗೆ ‘ಗುಡ್ ಮಾರ್ನಿಂಗ್’ ಹೇಳುತ್ತಿದ್ದಳು. ದೊರೆಗಳು ನಗುತ್ತಿದ್ದರು. ಒಂದು ದಿನ ಹೇಳಲಿಲ್ಲ. ಹಣೆ ಮುಟ್ಟಿದೆ, ಸುಡುತ್ತಿತ್ತು.

ಆ ದಿನಗಳಲ್ಲಿ ನನ್ನ ಗಂಡ ಶಿಕಾರಿಯವರಿಗೆ ಅಡುಗೆ ಮಾಡಲು ಹೊಳೆಯ ಮೇಲ್ಗಡೆಯ ಬಿಡಾರಕ್ಕೆ ಹೋಗಿದ್ದ. ಬಂಗಲೆಯಲ್ಲಿ ಉಳಿದಿದ್ದ ದೊರೆಸಾನಿ ಮದರಾಸಿಗೆ ಹೊರಟು ನಿಂತಿದ್ದಳು. ಮೋಟಾರು ಹತ್ತುವ ಮುಂಚೆ ಮಗುವಿನ ಕಣ್ಣರೆಪ್ಪೆ ಎತ್ತಿ ನೋಡಿ, ತನ್ನ ಪೆಟ್ಟಿಗೆಯಿಂದ ಒಂದು ಸೀಸೆ ತೆಗೆದು ಕೊಟ್ಟಳು. ಕೊಯಿನಾ, ಅಂದರೆ ಚಳಿಜ್ವರಕ್ಕೆ ಕೊಡುವ ಕ್ವಿನೈನ್ ಮಾತ್ರೆ. ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಬಟ್ಲರ್ ಅದನ್ನು ತಮಿಳಿಗೆ ತಿರುಗಿಸಿದ.

“ನಾಳೈಕ್ಕು ಮೂಣು. ಅದಿಗಮಾ ಕುಡುತ್ತಾ ಆಪತ್ತು.”

ಹೆಚ್ಚು ಕೊಟ್ಟರೆ ಅಪಾಯ ಎಂಬುದು ತಿಳಿಯಿತು. ಮೊದಲನೆಯದೂ ತಿಳಿಯಿತು: ನಾಳೆಗೆ ಮೂರು. ನಾನು ಹೊಳೆಯಾಚೆ ಕೊಳ್ಳೇಗಾಲದ ಸೀಮೆಯವಳು, ಅಲ್ಲಿ ನಾಲ್ಕನೆಯ ತರಗತಿಯವರೆಗೆ ಕನ್ನಡ ಓದಿದವಳು. ಗಂಡನಿಗೆ ಎರಡೂ ಭಾಷೆ ಬರುತ್ತಿತ್ತು, ಮನೆಯಲ್ಲಿ ಕನ್ನಡವೇ. ಹಾಗಾಗಿ ಮದುವೆಯಾಗಿ ಐದು ವರ್ಷವಾಗಿದ್ದರೂ ತಮಿಳು ಕಿವಿಗೆ ಬಂದಿತ್ತೇ ಹೊರತು ತಲೆಗೆ ಹೋಗಿರಲಿಲ್ಲ. ತಲೆ ಆಡಿಸಿದೆ. ಬಟ್ಲರನೂ ದೊರೆಸಾನಿಯ ಸಾಮಾನಿನ ಜೊತೆ ಸೇಲಂಗೆ ಹೋದ.

ನಾಳೆಗೆ ಎಂದಿದ್ದರಿಂದ ಆ ದಿನ ಕೊಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಮಾತ್ರೆಯನ್ನು ಬೆಲ್ಲದಲ್ಲಿ ಅರೆದು ನೆಕ್ಕಿಸಿದೆ. ಕಹಿಗೆ ಅತ್ತಳು. ಅದರ ಮಾರನೆಯ ದಿನ ಜ್ವರ ಬರಲಿಲ್ಲ, ರಾಗಿ ಗಂಜಿ ಕುಡಿದಳು. ದೊರೆಸಾನಿಗೆ ಅಲ್ಲಿಂದಲೇ ಕೈ ಮುಗಿದೆ.

ನಾಲ್ಕನೆಯ ದಿನ ಮಟಮಟ ಮಧ್ಯಾಹ್ನ ಚಳಿ ಹಿಡಿಯಿತು. ಎರಡು ಕಂಬಳಿ ಹೊದಿಸಿ ನಾನು ಮೇಲೆ ಬಿದ್ದುಕೊಂಡರೂ ನಡುಕ ನಿಲ್ಲಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ಬರತೊಡಗಿತು. ಸೀಸೆ ನನ್ನ ಸೆರಗಿನ ಗಂಟಿನಲ್ಲೇ ಇತ್ತು. ಎರಡು ಸಲ ಮುಚ್ಚಳ ತೆಗೆದೆ, ಆಪತ್ತು ಎಂಬ ಮಾತು ನೆನಪಾಗಿ ಮುಚ್ಚಿದೆ. ಬಂಗಲೆಯ ಕಾವಲುಗಾರ ತಮಿಳಿನವನು, ಅಲ್ಲೇ ಜಗಲಿಯ ಮೇಲೆ ಕೂತಿರುತ್ತಿದ್ದ. ಅವನನ್ನು ಕೇಳಬಹುದಿತ್ತು. ಆದರೆ ತಿಳಿಯದವರು ತಾನೇ ಕೇಳುವುದು? ನನಗೆ ತಿಳಿದಿತ್ತಲ್ಲ.

ಹತ್ತನೆಯ ದಿನ ಬೆಳಿಗ್ಗೆ ಫಿಟ್ಸು ಬಂದು ಕಣ್ಣು ಮೇಲಕ್ಕೆ ಹೋಯಿತು. ಬಿಸಿಲೇರುವಷ್ಟರಲ್ಲಿ ಮುಗಿಯಿತು. ಕಾವಲುಗಾರ ಮತ್ತು ಇಬ್ಬರು ಕುರಿಯವರು ಸೇರಿ ಹುಣಸೆ ಮರದ ಆಚೆ ಮಣ್ಣು ಮಾಡಿದರು.

ಗಂಡ ಬಂದದ್ದು ಮಾರನೆಯ ದಿನ, ಕೊಂಬು, ಚರ್ಮ ತುಂಬಿದ ಗಾಡಿಯ ಜೊತೆ. ಅತ್ತು ಸಾಕಾದ ಮೇಲೆ ಸೀಸೆ ಅವನ ಕಣ್ಣಿಗೆ ಬಿತ್ತು. ಅಂಗೈಗೆ ಸುರಿದು ಎಣಿಸಿದ. ಹದಿನೆಂಟು ಇದ್ದವು. ಬಟ್ಲರ್ ಏನಂದ ಎಂದು ಕೇಳಿದ. ಬಟ್ಲರನ ತಮಿಳು ಮಾತನ್ನು ಹಾಗೇ ಹೇಳಿದೆ. ನಾಳೆಗೆ ಮೂರು ಅಂದರು, ಕೊಟ್ಟೆ, ಒಂದೂ ಹೆಚ್ಚು ಕೊಡಲಿಲ್ಲ ಅಂದೆ. ಅವನು ಮಾತ್ರೆಗಳನ್ನು ಒಂದೊಂದಾಗಿ ಮತ್ತೆ ಸೀಸೆಗೆ ಹಾಕಿದ. ಆಮೇಲೆ ಎದ್ದು ಹೋಗಿ ಹದಿನೆಂಟನ್ನೂ ಹೊಳೆಗೆ ಎಸೆದು ಬಂದ.

“ಬುಡು. ಅದು ದೊರೆಗಳ ಮೈಗೆ ಇಡಿಯೋ ಮದ್ದು. ನಮ್ ಜೀವಕ್ಕೆ ಒಗ್ಗಾಕಿಲ್ಲ.”

ನಂಬಿದೆ. ಆ ದೊರೆಸಾನಿ ತನ್ನ ಪಾಪ ತೊಳೆದುಕೊಳ್ಳಲು ಯಾವುದೋ ಕೆಟ್ಟ ಮದ್ದು ಕೊಟ್ಟು ಹೋದಳೆಂದು ಅವಳಿಗೆ ಶಾಪ ಹಾಕಿದೆ. ಬೇರೆ ದೊರೆಗಳು ಬಂದರು, ಬೇರೆ ಐಸು ಬಂತು. ಎರಡು ಚಳಿಗಾಲ ಪರದೆ ಹೊಲಿಯುತ್ತ, ಹೊಲಿಗೆಗೊಂದು ಶಾಪ ಹಾಕಿದೆ. ಅವಳ ಮಕ್ಕಳಿಗೂ ಹಾಕಿದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅಲ್ಲಿರಲಾಗದೆ ಹರೂರಿಗೆ ಬಂದೆವು. ಅವನು ಊಟದ ಹೋಟೆಲಿನಲ್ಲಿ ಒಲೆ ಮುಂದೆ ನಿಂತ. ಪಕ್ಕದ ಮನೆಯ ತಮಿಳು ಹೆಂಗಸಿನ ಮಗನಿಗೆ ಚಳಿಜ್ವರ ಬಂದಾಗ ಆಸ್ಪತ್ರೆಗೆ ಜೊತೆಗೆ ಹೋದೆ. ಕಂಪೌಂಡರ್ ಅದೇ ಕೊಯಿನಾ ಕೊಟ್ಟು ಅದೇ ಮಾತು ಹೇಳಿದ. ಆ ಹೆಂಗಸು ಬಂದವಳೇ ಒಂದು ಮಾತ್ರೆ ಕೊಟ್ಟಳು. ಮಾರನೆಯ ದಿನ ಮೂರು. ಅದರ ಮಾರನೆಯ ದಿನವೂ ಮೂರು. ನಾಳೆಗೆ ಮಾತ್ರ ಅಲ್ಲವೇ ಎಂದು ಕೇಳಿದೆ. ಅವಳು ನಕ್ಕಳು. ತಮಿಳಿನಲ್ಲಿ ಆ ಮಾತಿಗೆ ದಿನಕ್ಕೆ ಮೂರು ಎಂದೂ ಅರ್ಥವಂತೆ. ಅವಳ ಮಗ ವಾರದಲ್ಲಿ ಬೀದಿಯಲ್ಲಿ ಓಡುತ್ತಿದ್ದ.

ಮನೆಗೆ ಬಂದೆ. ಗಂಡ ಕೈಕಾಲು ತೊಳೆದು ಉಣ್ಣಲು ಕೂತಿದ್ದ.

“ನಾಳೈಕ್ಕು ಅಂದ್ರೆ ದಿನಕ್ಕೆ ಅಂತ ನಿಂಗ್ ಗೊತ್ತಿತ್ತಾ?”

ತಟ್ಟೆಯಿಂದ ಕೈ ತೆಗೆದ.

“ಗೊತ್ತಿತ್ತು. ಏಳಿದ್ರೆ ನೀನು ಅವತ್ತೇ ಒಳೆಗೆ ಬೀಳ್ತಿದ್ದೆ.”

ಬೀಳುತ್ತಿದ್ದೆ, ನಿಜ. ಅಷ್ಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಎದುರೇ ಉಂಡ, ಮಲಗಿದ, ನಾನು ಶಾಪ ಹಾಕುವುದನ್ನು ಕೇಳಿದ. ಪ್ರೀತಿಗೇ ಮಾಡಿದ್ದು, ಗೊತ್ತು. ಆದರೂ ಅವನನ್ನು ನಾನು ಕೊನೆಯವರೆಗೂ ಕ್ಷಮಿಸಲಿಲ್ಲ. ನನ್ನನ್ನಂತೂ ಇಲ್ಲ.