ಶೇಷ 101

ಈಗಲೂ ಪಕ್ಕದ ಮನೆಯಿಂದ ಸೀದ ಬೇಳೆಯ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಭಾಗಾಕಾರ.

ಸಂಜಯನಗರದಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರಿದ್ದರು. ಗದಗದ ಕಡೆಯವರು. ಹೆಂಡತಿ ಆಫೀಸಿಗೆ ಹೋಗುತ್ತಿದ್ದರಿಂದ ಅಡುಗೆ ಇವರದು. ಜೀವಮಾನವಿಡೀ ಸೀಟಿ ಊದಿ ಮಕ್ಕಳನ್ನು ಓಡಿಸಿದವರು ಈಗ ಕುಕ್ಕರಿನ ಸೀಟಿಗೆ ತಾವೇ ಓಡುತ್ತಿದ್ದರು.

ಹಿಂದೊಮ್ಮೆ ಗಣಿತದ ಮೇಷ್ಟ್ರು ರಜೆ ಹಾಕಿದಾಗ ಅವರ ತರಗತಿಗೆ ಹೋಗಿ, 91 ಅವಿಭಾಜ್ಯ, ಒಂದನ್ನು ಬಿಟ್ಟರೆ ಅದಕ್ಕಿಂತ ಚಿಕ್ಕ ಯಾವ ಸಂಖ್ಯೆಯೂ ಅದನ್ನು ಶೇಷವಿಲ್ಲದೆ ಭಾಗಿಸದು ಎಂದುಬಿಟ್ಟಿದ್ದರಂತೆ. "ಹದಿಮೂರ್ ಏಳ್ಲಿ ತೊಂಬತ್ತೊಂದು ಸಾರ್!" ಎಂದು ಒಬ್ಬಳು ಹುಡುಗಿ ಕೂಗಿದಳಂತೆ. ಅಂದಿನಿಂದ ಗಣಿತದ ಮೇಷ್ಟ್ರ ಬಾಯಲ್ಲಿ ಇವರ ಹೆಸರೇ ಅದು. "ಏನ್ ತೊಂಬತ್ತೊಂದು, ಊಟ ಆಯ್ತಾ?"

ಆ ಗಣಿತದ ಮೇಷ್ಟ್ರು ಒಂದು ಭಾನುವಾರ ಊಟಕ್ಕೆ ಬರುವವರಿದ್ದರು. ಅಷ್ಟರೊಳಗೆ ಒಂದು ದೊಡ್ಡ ಸಂಖ್ಯೆಯನ್ನು ಅವಿಭಾಜ್ಯವೆಂದು ಕೈಯಿಂದಲೇ ಸಾಧಿಸಿ ತೋರಿಸಬೇಕೆಂದು ಇವರಿಗೆ ಹಠ. ಆರಿಸಿದ್ದು ಕರೆಂಟ್ ಮೀಟರಿನ ಮೇಲಿದ್ದ 1398953.

"ಬೆಸ ಐತಿ. ಅಂಕಿ ಕೂಡಿದ್ರ ಮೂವತ್ತೆಂಟು, ಮೂರರಾಗ ಹೋಗಂಗಿಲ್ಲ. ಗಟ್ಟಿ ಆಸಾಮಿ ರೀ ಇದು!"

ಅದರ ವರ್ಗಮೂಲ 1182ರ ಮೇಲೆ ಸ್ವಲ್ಪ. ಅಷ್ಟರೊಳಗಿನ 194 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಕುಕ್ಕರಿನ ಒಂದು ಕೂಗಿಗೆ ಒಂದು ಭಾಗಾಕಾರದಂತೆ, ಒಲೆಯ ಪಕ್ಕ ನಿಂತೇ ಎರಡು ತಿಂಗಳು ಭಾಗಿಸಿದರು. ಹೆಂಡತಿ ಅನ್ನ ನೋಡಿಯೇ ಹೇಳುತ್ತಿದ್ದರು: "ಇವತ್ತ ದೊಡ್ಡದಕ್ಕ ಕೈ ಹಾಕ್ಯಾರ. ಗಂಜಿ ಆಗೇತಿ."

ಶನಿವಾರ ಸಂಜೆ ಅರಿಸಿನ ಮೆತ್ತಿದ ನೋಟ್‌ಬುಕ್ ನನ್ನ ಕೈಗಿಟ್ಟರು. "ಒಮ್ಮೆ ಕಣ್ಣಾಡಿಸ್ರಿ. ನಾಳೆ ಆ ಮನುಷ್ಯಾನ ಮುಂದ ಮರ್ಯಾದಿ ಪ್ರಶ್ನೆ."

1013ರ ಪುಟದಲ್ಲಿ ನನ್ನ ಬೆರಳು ನಿಂತಿತು. ಶೇಷ 101 ಎಂದು ಬರೆದಿದ್ದರು. ಕೊನೆಯ 3 ಅನ್ನು ಕೆಳಗಿಳಿಸಿರಲೇ ಇಲ್ಲ. ಇಳಿಸಿದ್ದರೆ 1013 ಆಗಿ, ಸರಿಯಾಗಿ ಒಂದು ಸಲ ಹೋಗಿ, ಶೇಷ ಸೊನ್ನೆ. 1013ನ್ನು 1381ರಿಂದ ಗುಣಿಸಿದರೆ ಅದೇ ಮೀಟರಿನ ನಂಬರು. ಬೇಳೆ ಸೀದದ್ದು ಆ ದಿನವೇ ಇರಬೇಕು...

ನಾನು ಮೆಲ್ಲಗೆ ತಪ್ಪು ತೋರಿಸಿದೆ, ಅವರು ಹೊಟ್ಟೆ ಹಿಡಿದು ನಕ್ಕರು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಆ ನಗು ನನಗೆ ಕೇಳಿಸಿಯೂ ಇದೆ. ಹಾಗೇನೂ ಆಗಲಿಲ್ಲ. "ಸರಿಯಾಗಿದೆ ಸಾರ್" ಎಂದು ಪುಸ್ತಕ ಮುಚ್ಚಿ ಕೊಟ್ಟೆ.

ಮರುದಿನ ಊಟಕ್ಕೆ ನಾನೂ ಇದ್ದೆ. ಗಣಿತದ ಮೇಷ್ಟ್ರು ಕನ್ನಡಕ ಏರಿಸಿ ಪುಟ ಪುಟವನ್ನೂ ತಿರುವಿದರು. ಒಂದು ಕಡೆ ತುಸು ಹೊತ್ತು ನಿಂತಂತೆ ಕಂಡಿತು. ಪಿ.ಟಿ. ಮೇಷ್ಟ್ರು ಸೌಟು ಹಿಡಿದು ಅಟೆನ್ಷನ್‌ನಲ್ಲಿ ನಿಂತಿದ್ದರು.

"ಒಪ್ಕೊಂಡೆ ಕಣ್ರೀ," ಎಂದರು ಗಣಿತದವರು. "ಸ್ವಲ್ಪ ಸಾರು ಹಾಕಿ, ಮೇಷ್ಟ್ರೇ."

ಮೇಷ್ಟ್ರೇ! ಆ ಸಂಭ್ರಮದಲ್ಲಿ ಇವರು ಅನ್ನದ ಮೇಲೆ ಪಾಯಸ ಸುರಿದರು. ಅವರು ಅದನ್ನೇ ಕಲಸಿಕೊಂಡು ತಿಂದರು.

ಹೋದ ವರ್ಷ ಪಿ.ಟಿ. ಮೇಷ್ಟ್ರು ತೀರಿಕೊಂಡರು. ತಿಥಿಯ ಊಟದಲ್ಲಿ ಗಣಿತದ ಮೇಷ್ಟ್ರು ನನ್ನ ಪಕ್ಕ ಕೂತಿದ್ದರು. ಎಲೆಯಿಂದ ತಲೆ ಎತ್ತದೆ ಕೇಳಿದರು: "ಸಾವಿರದ ಹದಿಮೂರು... ಅಲ್ವಾ?"

"ಹೂಂ ಸಾರ್."

"ನೀವೂ ಹೇಳ್ಲಿಲ್ಲ."

ಆ ಸಂಖ್ಯೆ ಅವಿಭಾಜ್ಯವೆಂದು ನಂಬಿದ್ದವರು ಈ ಲೋಕದಲ್ಲಿ ಒಬ್ಬರೇ. ಈಗ ಅವರೂ ಇಲ್ಲ.