ಪರಿಮಳಕ್ಕ ತಿರುಗಿಸಿಟ್ಟ ಪರದೆ

ಶಹಾಪುರದ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ ಪರಿಮಳಕ್ಕನ ಆನ್‌ಲೈನ್ ಅಂಗಡಿ ಇದೆ. ಒಂದು ಕಂಪ್ಯೂಟರು, ಒಂದು ಝೆರಾಕ್ಸ್ ಮಷೀನು, ಗಿರಾಕಿಗಳಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಕಂಪ್ಯೂಟರಿನ ಪರದೆಯನ್ನು ಮಾತ್ರ ಆಕೆ ಗೋಡೆಯ ಕಡೆ ತಿರುಗಿಸಿಟ್ಟಿರುತ್ತಾಳೆ, ಎದುರಿಗೆ ಕೂತವರಿಗೆ ಏನೂ ಕಾಣುವುದಿಲ್ಲ. ಮೊದಲ ದಿನವೇ ನನಗೆ ಇದು ಸರಿಬರಲಿಲ್ಲ. ಅರ್ಜಿ ನಮ್ಮದು, ಆಧಾರ್ ನಮ್ಮದು. ನಾವು ನೋಡಬಾರದಂಥದ್ದು ಅದರಲ್ಲಿ ಏನಿದೆ?

ವನದುರ್ಗದ ನಮ್ಮ ಓಣಿಯ ಅಂಗನವಾಡಿಗೆ ಒಬ್ಬ ಕಾರ್ಯಕರ್ತೆ ಬೇಕೆಂದು ಅರ್ಜಿ ಕರೆದಿದ್ದರು. ಹಿಂದಿನವರು ನಾನು ಹುಟ್ಟುವ ಮೊದಲೇ ಸೇರಿ ಈ ವರ್ಷ ನಿವೃತ್ತರಾದರು. ಈಗ ತಪ್ಪಿದರೆ ಆ ಜಾಗ ಮತ್ತೆ ಖಾಲಿಯಾಗುವುದು ನನ್ನ ಕಾಂತೇಶನ ಮಕ್ಕಳ ಕಾಲಕ್ಕೆ. ಕಾಂತೇಶನಿಗೆ ಈಗ ಒಂದೂವರೆ ವರ್ಷ. ಅವನನ್ನು ಕಂಕುಳಲ್ಲಿ ಇಟ್ಟುಕೊಂಡೇ ಮಾಡಬಹುದಾದ ನೌಕರಿ ನನ್ನ ಪಾಲಿಗೆ ಅದೊಂದೇ. ಸೋಮವಾರ, ಮಂಗಳವಾರ ಎರಡು ದಿನವೂ ಅಂಗಡಿಗೆ ಬಂದು ಕೂತೆ, ಅರ್ಜಿಯ ವೆಬ್ ಪುಟ ತೆರೆಯಲಿಲ್ಲ. ಬುಧವಾರ ಕೊನೆಯ ದಿನ, ಸಂಜೆ ಐದೂವರೆಯವರೆಗೆ ಮಾತ್ರ.

ಬುಧವಾರ ಹತ್ತಕ್ಕೇ ಹೋದೆ. ಪರಿಮಳಕ್ಕ ಕಂಪ್ಯೂಟರ್ ಮುಟ್ಟಲೇ ಇಲ್ಲ. ಗೆರೆ ಹಾಕಿದ ಉದ್ದ ನೋಟ್‌ಬುಕ್ ತೆಗೆದು ನನ್ನ ಹೆಸರು, ಜನ್ಮ ದಿನಾಂಕ, ಅಂಕಪಟ್ಟಿ, ವಾಸದ ಪ್ರಮಾಣಪತ್ರದ ನಂಬರು ಎಲ್ಲವನ್ನೂ ಕೈಯಲ್ಲಿ ಬರೆದುಕೊಂಡಳು.

"ಇದ್ಯಾಕ ಬರ್ಕೊಳ್ಳೋದು ಅಕ್ಕಾ? ಸೀದಾ ಅದ್ರಾಗ ಹೊಡೀರಿ" ಎಂದೆ.

"ಅದ್ರಾಗ ಹೊಡಿಲಾಕ ಅದು ಬಾಯಿ ತೆಗದ್ರಲ್ಲಾ ತಂಗಿ? ಎರಡರ ಮ್ಯಾಲ ಬಾ."

"ಕೊನೀ ದಿನ ಇವತ್ತ."

"ನಂಗ ಗೊತ್ತದ. ಎರಡರ ಮ್ಯಾಲ ಬಾ."

ಬರೆದುಕೊಳ್ಳುವಾಗ ಹಿಂದಿನ ಹಾಳೆ ನನ್ನ ಕಣ್ಣಿಗೆ ಬಿತ್ತು. ಸುನಿತಾ, ವನದುರ್ಗ. ನಮ್ಮ ಓಣಿಯವಳೇ, ನಲ್ಲಿಯ ಹತ್ತಿರ ದಿನಾ ಸಿಗುವವಳು. ಅರ್ಜಿ ಹಾಕುತ್ತೇನೆಂದು ಒಂದು ಮಾತೂ ಹೇಳಿರಲಿಲ್ಲ. ಅವಳ ಹೆಸರಿನ ಕೆಳಗೆ ಕೆಂಪು ಪೆನ್ನಿನಲ್ಲಿ ಅರ್ಜಿಯ ನಂಬರು. ಅವಳದು ಆಗಿದೆ. ಅವಳಿಗೆ ತೆರೆದ ಪುಟ ನನಗೇಕೆ ತೆರೆಯುವುದಿಲ್ಲ?

ಎದುರಿನ ಚಹಾದಂಗಡಿಯ ಬಾಷುಮಿಯಾ ಅವರ ಹತ್ತಿರ ಮೆಲ್ಲಗೆ ಕೇಳಿದೆ, "ಮಾಮಾ, ಈ ಪರಿಮಳಕ್ಕ ಮಂದಿ ಹೆಂಗ?"

"ಯಾಕವ್ವಾ, ಬೀಗತನ ಮಾಡ್ತೀ ಏನು?" ಎಂದು ನಕ್ಕರು. "ಇಪ್ಪತ್ತು ವರ್ಷ ಟೈಪಿಂಗ್ ಕಲಿಸ್ಯಾಳ. ಟೈಪಿಂಗ್ ಮಷೀನ್ ಹೋದ್ವು, ಬೆರಳು ಉಳದ್ವು. ಎರಡರಿಂದ ಮೂರರ ತನಕ ಚಾ ಒಯ್ದ್ರ ಬೈತಾಳ, ಅದೊಂದ ಖರಾಬು."

ನನ್ನ ಅನುಮಾನ ಇನ್ನಷ್ಟು ಬಲಿಯಿತು. ಆ ಒಂದು ತಾಸಿನಲ್ಲಿ ಯಾರೂ ನೋಡಬಾರದಂಥದ್ದು ಏನು ಮಾಡುತ್ತಾಳೆ? ಎರಡಾಗುವ ಮೊದಲೇ ಹೋಗಿ ಕುರ್ಚಿ ಹಿಡಿದೆ.

ಸರಿಯಾಗಿ ಎರಡಕ್ಕೆ ಆಕೆ ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಹತ್ತೂ ಬೆರಳು ಕೀಬೋರ್ಡಿನ ಮೇಲಿಟ್ಟಳು. ಅಕ್ಷರಗಳೆಲ್ಲ ಅಳಿಸಿಹೋದ ಕೀಬೋರ್ಡು. ಟಪಟಪ ಸದ್ದು ಸ್ವಲ್ಪ ಹೊತ್ತು ನಡೆದು ನಿಂತಿತು. ಆಕೆ ಪರದೆಯನ್ನೇ ನೋಡುತ್ತ ಕೂತಳು. ಆಗಲೇ ನನ್ನ ಮಡಿಲಲ್ಲಿದ್ದ ಕಾಂತೇಶ ರಂಪ ಶುರುಮಾಡಿದ.

"ಕೊಡು ಇಲ್ಲಿ, ಎಮ್ಮಿ ತೋರಸ್ತೀನಿ" ಎಂದು ಅವನನ್ನು ಎತ್ತಿಕೊಂಡು ಬಾಗಿಲಿಗೆ ಹೋದಳು. "ಏನೂ ಮುಟ್ಟಬ್ಯಾಡ ಮತ್ತ."

ಮುಟ್ಟಬೇಡ ಎಂದದ್ದೇ ತಪ್ಪಾಯಿತು. ಎದ್ದು ಹೋಗಿ ನೋಡಿದೆ. ನನ್ನದೇ ಅರ್ಜಿ, ಎಲ್ಲ ತುಂಬಿತ್ತು. ನಡುವೆ ಒಂದು ಸಣ್ಣ ಚಕ್ರ ಸುಮ್ಮನೆ ತಿರುಗುತ್ತಿತ್ತು. ತುಂಬಿಯೂ ಕಳಿಸದೆ ಇಟ್ಟಿದ್ದಾಳೆ ಅನ್ನಿಸಿತು. 'ಸಲ್ಲಿಸಿ' ಎಂಬುದನ್ನು ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಪರದೆ ಬೆಳ್ಳಗಾಯಿತು. ನನ್ನ ಹೆಸರು, ನನ್ನ ಊರು, ತುಂಬಿದ್ದೆಲ್ಲ ಹೋಗಿತ್ತು.

ಪರಿಮಳಕ್ಕ ಒಳಗೆ ಬಂದು ಪರದೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಒತ್ತಿದೇನು?"

"ಇಲ್ರಿ ಅಕ್ಕಾ."

"ಒತ್ತೋರು ಭಾಳ ಮಂದಿ. ಒತ್ತಿಲ್ಲ ಅನ್ನೋರು ಇನ್ನೂ ಭಾಳ" ಎಂದು ಮಗುವನ್ನು ನನ್ನ ಮಡಿಲಿಗೆ ಹಾಕಿದಳು. "ಆ ಚಕ್ರ ಕಂಡ್ರ ಮಂದಿ ಕೈ ತಡಿಯಂಗಿಲ್ಲ. ಅದಕ್ಕ ಗ್ವಾಡಿ ಕಡಿ ತಿರಗಿಸಿಟ್ಟೀನಿ."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆಕೆ ನೋಟ್‌ಬುಕ್ ತೆರೆದು ಮತ್ತೆ ಮೊದಲಿನಿಂದ ಹತ್ತಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ, ಕೇಳಬೇಕಾದದ್ದೆಲ್ಲ ಬೆಳಗ್ಗೆಯೇ ಬರೆದಿಟ್ಟಿತ್ತು. ಎರಡರಿಂದ ಮೂರರವರೆಗೆ ಎಲ್ಲ ಕಡೆಯ ಆನ್‌ಲೈನ್ ಅಂಗಡಿಯವರೂ ಉಣ್ಣಲು ಹೋಗುತ್ತಾರೆ, ಆಗ ಪುಟದ ಮೇಲೆ ಗದ್ದಲ ಇಳಿದು ಅದು ಹಗುರವಾಗುತ್ತದೆ ಎಂದು ಆಗ ತಿಳಿಯಿತು. ಅದಕ್ಕೇ ಆಕೆ ಉಣ್ಣುವುದು ಮೂರರ ಮೇಲೆ. ನಾನು ಆ ಹಗುರದ ಹೊತ್ತನ್ನು ಹಾಳುಮಾಡಿದ್ದೆ. ಮೂರಾಯಿತು, ಪುಟ ಮತ್ತೆ ನಿಧಾನವಾಯಿತು. ನಾಲ್ಕಾಯಿತು. ಡಬ್ಬಿ ಹಾಗೆಯೇ ಇತ್ತು. ಕಾಂತೇಶ ನನ್ನ ಹೆಗಲ ಮೇಲೆ ಮಲಗಿದ.

"ನಾನೂ ಒಂದ ಸಲ ಇಂಥಾದಕ್ಕ ಹಾಕಿದ್ದೆ" ಎಂದಳು ಪರದೆಯಿಂದ ಕಣ್ಣು ತೆಗೆಯದೆ. "ಯಾದಗಿರಿಯಾಗ ಒಬ್ಬಾಂವ 'ಆತ್ರಿ, ಹೋಗ್ರಿ' ಅಂದ. ಬಂದಬಿಟ್ಟೆ. ನಂಬರ್ ಕೇಳಬೇಕಂತ ನಂಗೇನ್ ಗೊತ್ತು? ಆಮ್ಯಾಲ ನೋಡಿದ್ರ ಅರ್ಜಿ ಹೋಗೇ ಇಲ್ಲ."

ನಾಲ್ಕು ಐವತ್ತಕ್ಕೆ ನಂಬರು ಬಂತು. ಕೆಂಪು ಪೆನ್ನಿನಲ್ಲಿ ನೋಟ್‌ಬುಕ್ಕಿಗೆ ಇಳಿಸಿ, ಪರದೆಯನ್ನು ನನ್ನ ಕಡೆ ತಿರುಗಿಸಿ, "ಒಂದೊಂದ ಅಂಕಿ ಹೊಂದಿಸಿ ನೋಡು" ಎಂದಳು. ಎರಡು ಸಲ ನೋಡಿದೆ. ಅನುಮಾನದ ಚಟ ಅಷ್ಟು ಬೇಗ ಬಿಡುವುದಿಲ್ಲ.

"ಸುನಿತಾಂದೂ ನೀವೇ ಹಾಕೀರಲ್ಲಾ? ಇರೋದು ಒಂದ ಜಾಗ."

"ಹಾಕೀನಿ. ಕಳಸೋದು ನನ್ನ ಕೆಲಸ. ಆರಿಸೋರು ಬ್ಯಾರೆ ಅದಾರ" ಎಂದು ಡಬ್ಬಿಯ ಮುಚ್ಚಳ ತೆಗೆದಳು. ರೊಟ್ಟಿ ಬಿರುಸಾಗಿತ್ತು. ಒತ್ತಿದ್ದು ನಾನೇ ಎಂದು ಆಗ ಒಪ್ಪಿಕೊಂಡೆ. ಆಕೆ ತುತ್ತು ಮುರಿಯುತ್ತ, "ಗೊತ್ತದ, ಹೋಗು, ಬಸ್ ತಪ್ಪತದ" ಎಂದಳು.

ಮರುದಿನ ನಲ್ಲಿಯ ಹತ್ತಿರ ಸುನಿತಾ ನನ್ನನ್ನು ಓರೆಗಣ್ಣಿನಿಂದ ನೋಡಿದಳು.

"ನಿಂದು ಒಂದ ದಿನದಾಗ ಆತಂತಲ್ಲ? ನನಗ ಮೂರು ದಿನ ಅಲೆದಾಡಿಸ್ಯಾಳ ಆಕಿ. ನೀವು ಏನರ ಸಂಬಂಧಿಕರೇನು?"

"ನಂದೂ ಮೂರು ದಿನನ ಆತು" ಎಂದೆ. "ಸುನಿತಾ, ಖರೇ ಹೇಳು. ನೀನೂ ಒತ್ತಿದ್ದೇನು?"

ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ಅವಳು ಅದನ್ನೇ ನೋಡುತ್ತ ನಿಂತಳು.